ಕರಿ ಕೋಟಿನ ನಿರ್ದೇಶಕ

ಸಿ.ಎಸ್.ಪಿ. ಎಂದರೆ ಸಾಕು, ಕನ್ನಡದ ಧಾರಾವಾಹಿ ನೋಡುವವರ ಕಣ್ಣೆದುರು ಕರಿ ಕೋಟಿನ ವಕೀಲರೊಬ್ಬರು ಬಂದು ನಿಲ್ಲುತ್ತಾರೆ. ಅವರದು ಅಬ್ಬರವಿಲ್ಲದ ಮಾತು. ಸಾಕ್ಷಿಕಟ್ಟೆಯಲ್ಲಿ ನಿಂತವರನ್ನು ಸಣ್ಣ ಸಣ್ಣ ಪ್ರಶ್ನೆಗಳಿಂದಲೇ ಸುತ್ತುವರಿದು, ಅವರ ಬಾಯಿಂದಲೇ ನಿಜ ಹೊರಡಿಸುವ ಪಾಟೀಸವಾಲು. ಆ ವಕೀಲರೂ ಅವರು ಬರುವ ಧಾರಾವಾಹಿಗಳ ನಿರ್ದೇಶಕರೂ ಒಬ್ಬರೇ: ಟಿ.ಎನ್. ಸೀತಾರಾಮ್.

1948ರಲ್ಲಿ ಹುಟ್ಟಿದ ಸೀತಾರಾಮ್ ಕಾನೂನು ಓದಿದವರು, ಸಮಾಜವಾದಿ ಚಿಂತನೆಯ ಗಾಳಿಯಲ್ಲಿ ಬೆಳೆದವರು, ‘ಆಸ್ಫೋಟ’ದಂಥ ನಾಟಕ ಬರೆದವರು. ಕ್ಯಾಮೆರಾ ಮುಂದೆ ಅವರಿಗೆ ಸಿಕ್ಕ ಆರಂಭವೇ ದೊಡ್ಡದು. ಪಿ. ಲಂಕೇಶ್ 1976ರಲ್ಲಿ ತಮ್ಮ ‘ಬಿರುಕು’ ಕಾದಂಬರಿಯನ್ನು ‘ಪಲ್ಲವಿ’ ಎಂದು ಸಿನಿಮಾ ಮಾಡಿದಾಗ ನಾಯಕನ ಪಾತ್ರಕ್ಕೆ ಆರಿಸಿಕೊಂಡದ್ದು ಇವರನ್ನು. ಜೊತೆಗೆ ನಟಿಸಿದವರು ವಿಮಲಾ ನಾಯ್ಡು. ಲಂಕೇಶರಿಗೆ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ತಂದ ಚಿತ್ರವದು. ಆದರೂ ಸೀತಾರಾಮ್ ಹೀರೊ ಆಗುವ ದಾರಿ ಹಿಡಿಯಲಿಲ್ಲ. ಅವರ ಹೆಸರು ಮನೆಮನೆಗೆ ತಲುಪಿದ್ದು ಎರಡು ದಶಕಗಳ ನಂತರ, ಕಿರುತೆರೆಯ ಮೂಲಕ.

1998ರಲ್ಲಿ ದೂರದರ್ಶನದಲ್ಲಿ ಶುರುವಾದ ‘ಮಾಯಾಮೃಗ’ ಕನ್ನಡದ ದೈನಿಕ ಧಾರಾವಾಹಿಗಳ ಚರಿತ್ರೆಯಲ್ಲಿ ಒಂದು ಘಟ್ಟ. ದಿನಕ್ಕೊಂದು ಕಂತೆಂದರೆ ಕೆಲಸದ ಹೊರೆ ಹೇಗಿರುತ್ತದೆಂದು ಆ ರಂಗದಲ್ಲಿರುವವರಿಗೇ ಗೊತ್ತು. ಒಂದು ಕಂತು ಪ್ರಸಾರವಾಗುವಾಗ ಮುಂದಿನದರ ಸಂಕಲನ ನಡೆದಿರುತ್ತದೆ, ಅದರಾಚೆಯದರ ಸಂಭಾಷಣೆ ಇನ್ನೂ ಹಾಳೆಯ ಮೇಲಿರುತ್ತದೆ. ಈ ಹೊರೆಗೆ ಸೀತಾರಾಮ್ ಜೊತೆ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಹೆಗಲು ಕೊಟ್ಟರು. ಮೂವರೂ ಸೇರಿ ನಿರ್ದೇಶಿಸಿದರು. ಶೇಷಾದ್ರಿ ಅಲ್ಲಿಂದ ‘ಮುನ್ನುಡಿ’ ಸಿನಿಮಾಕ್ಕೆ ಹೋಗಿ ರಾಷ್ಟ್ರಪ್ರಶಸ್ತಿಗಳ ನಿರ್ದೇಶಕರಾದರು. ಮಾಳವಿಕಾ ಅವಿನಾಶ್ ಅವರ ಮುಖ ನಾಡಿಗೆಲ್ಲ ಪರಿಚಯವಾದದ್ದೂ ಇದೇ ಧಾರಾವಾಹಿಯಿಂದ.

ಆಮೇಲೆ ಈಟಿವಿ ಕನ್ನಡದಲ್ಲಿ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’ ಬಂದವು. ಇವುಗಳ ನಿಜವಾದ ಕೊಡುಗೆ ನ್ಯಾಯಾಲಯದ ದೃಶ್ಯಗಳು. ಅತ್ತೆ-ಸೊಸೆ ಜಗಳವನ್ನೇ ನೆಚ್ಚಿಕೊಂಡ ಮಾಧ್ಯಮದಲ್ಲಿ ಎರಡು ಪಕ್ಷಗಳ ವಾದ ದಿನಗಟ್ಟಲೆ ನಡೆಯಿತು. ಭ್ರಷ್ಟಾಚಾರ, ರಾಜಕಾರಣ, ಹೆಣ್ಣಿನ ಹಕ್ಕು ಎಲ್ಲವೂ ಕಟಕಟೆಗೆ ಬಂದವು. ಎದುರು ವಕೀಲರಿಗೂ ಗಟ್ಟಿ ಮಾತು ಬರೆಯುವುದು ಸೀತಾರಾಮ್ ಅವರ ರೀತಿ. ತಪ್ಪು ಮಾಡಿದವನಿಗೂ ಅವನದೇ ಸಮರ್ಥನೆ ಇರುತ್ತದೆ. ಹಾಗಾಗಿಯೇ ವಾದ ರಂಗೇರುತ್ತದೆ, ನೋಡುವವರೂ ಮನೆಯಲ್ಲಿ ಪಕ್ಷ ವಹಿಸುತ್ತಾರೆ. ತಾವೇ ವಕೀಲರ ಪಾತ್ರದಲ್ಲಿ ನಿಂತಾಗ ಅವರೊಳಗಿನ ನಟ ನಿರ್ದೇಶಕನಿಗೆ ಬಹಳ ನೆರವಾಗುತ್ತಾನೆಂದು ಈ ಲೇಖಕನ ಅನಿಸಿಕೆ. ಪ್ರಶ್ನೆ ಕೇಳಿ ಸುಮ್ಮನಾಗಿ, ಉತ್ತರದ ಕ್ಷಣವನ್ನು ಎದುರಿನ ಕಲಾವಿದರಿಗೆ ಬಿಟ್ಟುಕೊಡುತ್ತಾರೆ. ಅವರ ಧಾರಾವಾಹಿಗಳಲ್ಲಿ ಚಿಕ್ಕ ಪಾತ್ರಗಳೂ ನೆನಪಿನಲ್ಲಿ ಉಳಿಯುವುದು ಇದರಿಂದ.

ಸಿನಿಮಾ ನಿರ್ದೇಶಿಸಿದ್ದು ಕಡಿಮೆ. ಎಸ್.ಎಲ್. ಭೈರಪ್ಪನವರ ಕಾದಂಬರಿ ಆಧರಿಸಿದ ‘ಮತದಾನ’ದಲ್ಲಿ ಅನಂತನಾಗ್, ತಾರಾ, ದೇವರಾಜ್, ಅವಿನಾಶ್ ಇದ್ದರು. ಹಳ್ಳಿಯ ಚುನಾವಣೆಯ ಸುತ್ತ ಹೆಣೆದ ಆ ಚಿತ್ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ‘ಮೀರಾ ಮಾಧವ ರಾಘವ’ 2007ರಲ್ಲಿ ಬಂತು, ‘ಕಾಫಿ ತೋಟ’ 2017ರಲ್ಲಿ. ಆದರೆ ಅವರ ಕಥೆಗೆ ಎರಡೂವರೆ ಗಂಟೆ ಸಾಲದು. ಪಾತ್ರಗಳು ಮಾತಾಡುತ್ತ, ತಪ್ಪುತ್ತ, ಬದಲಾಗುತ್ತ ಹೋಗಲು ತಿಂಗಳುಗಳೇ ಬೇಕು.

2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಆರಂಭವಾದ ‘ಮಗಳು ಜಾನಕಿ’ಯಲ್ಲಿ ಸಿ.ಎಸ್.ಪಿ. ಮತ್ತೆ ಕೋಟು ತೊಟ್ಟರು. ಜಾನಕಿಯಾದ ಗಾನವಿ ಲಕ್ಷ್ಮಣ್ ಮುಂದೆ ಚಿತ್ರರಂಗಕ್ಕೆ ನಡೆದರು. 2020ರ ಲಾಕ್‌ಡೌನಿನಲ್ಲಿ ಕಥೆ ನಡುವೆಯೇ ನಿಂತುಹೋದದ್ದು ಅಭಿಮಾನಿಗಳಿಗೆ ಇಂದಿಗೂ ನೋವು. ಎರಡು ವರ್ಷದ ಬಳಿಕ, ಎಪ್ಪತ್ತು ದಾಟಿದ ಸೀತಾರಾಮ್ ಸಿರಿ ಕನ್ನಡ ವಾಹಿನಿಗಾಗಿ ‘ಮತ್ತೆ ಮಾಯಾಮೃಗ’ ಕೈಗೆತ್ತಿಕೊಂಡರು.