ಎಳವೆಯ ಸೋಂಕು ಮತ್ತು ರಕ್ತದ ಕ್ಯಾನ್ಸರ್

ನೆಗಡಿ ತಗಲೀತೆಂದು ಹಸುಗೂಸನ್ನು ರೂವಿಯ ಫ್ಲ್ಯಾಟಿನಿಂದ ಹೊರಗೇ ಬಿಡದ ನಾವು, ಬ್ರಿಟನ್ನಿನ ವಿಜ್ಞಾನಿ ಮೆಲ್ ಗ್ರೀವ್ಸ್ 2018ರಲ್ಲಿ ವಿವರವಾಗಿ ಮಂಡಿಸಿದ ವಾದವನ್ನು ತಿಳಿದಿರುವುದು ಒಳ್ಳೆಯದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲ್ಯುಕೇಮಿಯಾ ಎರಡು ಹಂತದಲ್ಲಿ ಬರುತ್ತದೆ. ಮೊದಲನೆಯದು ಗರ್ಭದಲ್ಲೇ ಆಗುವ ಜೀನ್ ಬದಲಾವಣೆ. ಅದಿರುವ ನೂರು ಶಿಶುಗಳಲ್ಲಿ ಸುಮಾರು ಒಂದಕ್ಕಷ್ಟೇ ಮುಂದೆ ಕಾಯಿಲೆ. ಮೊದಲ ವರ್ಷ ಸಣ್ಣಪುಟ್ಟ ಸೋಂಕನ್ನೇ ಕಾಣದ ಮಗುವಿಗೆ ತಡವಾಗಿ ಸೋಂಕು ತಗಲಿದರೆ, ದೇಹದ ರಕ್ಷಣಾಶಕ್ತಿ ಅತಿಯಾಗಿ ಕೆರಳಿ ಎರಡನೆಯ ಹಂತಕ್ಕೆ ದಾರಿಯಾಗಬಹುದಂತೆ. ಶಿಶುವಿಹಾರಕ್ಕೆ ಬೇಗ ಹೋದ ಮಕ್ಕಳಲ್ಲಿ ಈ ಕಾಯಿಲೆ ಕಡಿಮೆಯೆಂದು 2005ರ ಬ್ರಿಟಿಷ್ ಅಧ್ಯಯನವೂ ಹೇಳಿತ್ತು. ಇದಿನ್ನೂ ಪೂರ್ತಿ ಸಾಬೀತಾಗಿಲ್ಲ.

ಹಾಗೆಂದು ಬೇಕೆಂದೇ ಸೋಂಕು ತಗಲಿಸುವುದು, ಲಸಿಕೆ ತಪ್ಪಿಸುವುದು ಸಲ್ಲದು. ಮಗುವಿಗೆ ಕಾಯಿಲೆ ಬಂದ ಮನೆಯವರಿಗೆ 'ನೀವೇ ಒಳಗಿಟ್ಟು ಸಾಕಿದಿರಿ' ಎನ್ನುವುದಂತೂ ಕ್ರೌರ್ಯ. ಬಿಡದ ಜ್ವರ, ಬಿಳಿಚಿದ ಮುಖ, ಕಾರಣವಿಲ್ಲದೆ ಮೂಡುವ ನೀಲಿ ಕಲೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಇಂದು ಇಂಥ ಹೆಚ್ಚಿನ ಮಕ್ಕಳು ಚಿಕಿತ್ಸೆಯಿಂದ ಗುಣಮುಖರಾಗುತ್ತಾರೆ.