ಚೀಲದ ದರವೂ ಲಾರಿಯ ಬಾಡಿಗೆಯೂ

ಬೆಳೆ ಕೈಗೆ ಬಂದ ಮಾತ್ರಕ್ಕೆ ರೈತನ ಚಿಂತೆ ತೀರದು. ಪೇಟೆಗೆ ಒಯ್ಯುವ ವೆಚ್ಚವು ಲಾಭದ ಒಂದು ಪಾಲನ್ನು ನುಂಗುವುದು. ನಾರಾಯಣಪುರದ ಬಲದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ದೇವದುರ್ಗ ಸೀಮೆಯ ಮನೆಗಳಿಗೆ, ಧಾನ್ಯವನ್ನು ರಾಯಚೂರಿನ ಮಾರುಕಟ್ಟೆಗೆ ಸಾಗಿಸುವ ಲೆಕ್ಕವು ಸಣ್ಣದಲ್ಲ.

ಭಾಸ್ಕರಾಚಾರ್ಯರು ೧೧೫೦ರಲ್ಲಿ ರಚಿಸಿದ 'ಲೀಲಾವತಿ'ಯಲ್ಲಿ ತ್ರೈರಾಶಿಕವನ್ನು ವಿವರಿಸಿರುವರು. ಒಂದು ಚೀಲದ ಹಮಾಲಿ ೨೦ ರೂಪಾಯಿಯಾದರೆ ೪೦ ಚೀಲಕ್ಕೆ ೮೦೦. ಲಾರಿಯ ಬಾಡಿಗೆಗೆ ಈ ನ್ಯಾಯವು ಸಲ್ಲದು. ಲಾರಿ ಕಣಕ್ಕೆ ಬಂದಿತೆಂದರೆ, ಹೇರುವುದು ಹತ್ತು ಚೀಲವಾಗಲಿ ಐವತ್ತಾಗಲಿ, ಗೊತ್ತಾದ ಬಾಡಿಗೆಯನ್ನು ತೆರಲೇಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ನೆರೆಯೂರುಗಳ ಇಬ್ಬರು ರೈತರಲ್ಲಿ ಒಬ್ಬನಿಗೆ ೪೦ ಚೀಲ, ಮತ್ತೊಬ್ಬನಿಗೆ ೨೦ ಚೀಲ ಭತ್ತವಿದೆ. ಲಾರಿಯ ಬಾಡಿಗೆ ೨,೦೦೦ ರೂಪಾಯಿ. ಬೇರೆ ಬೇರೆಯಾಗಿ ಸಾಗಿಸಿದರೆ ಮೊದಲನೆಯವನಿಗೆ ೨,೮೦೦, ಎರಡನೆಯವನಿಗೆ ೨,೪೦೦, ಒಟ್ಟು ೫,೨೦೦. ಎರಡನೆಯವನು ತನ್ನ ಭತ್ತವನ್ನು ಎತ್ತಿನ ಬಂಡಿಯಲ್ಲಿ ಮೊದಲನೆಯವನ ಕಣಕ್ಕೆ ತರಲು ಚೀಲಕ್ಕೆ ೨೫ ರೂಪಾಯಿ ಹೆಚ್ಚು ತಗಲುವುದು. ಚೀಲದ ದರವನ್ನಷ್ಟೇ ನೋಡುವವನು, ೨೦ರ ಬದಲು ೪೫ ಏಕೆಂದು ಹಿಂಜರಿಯುವನು. ಆದರೆ ಒಂದೇ ಲಾರಿಯಲ್ಲಿ ಎಲ್ಲವೂ ಹೋದಾಗ ಬಾಡಿಗೆ ೨,೦೦೦, ಹಮಾಲಿ ೧,೨೦೦, ಬಂಡಿಯ ಖರ್ಚು ೫೦೦, ಒಟ್ಟು ೩,೭೦೦ ಮಾತ್ರ. ಉಳಿತಾಯವು ೧,೫೦೦!

ಅಮೇರಿಕೆಯ ಹಿಚ್‌ಕಾಕ್ ಎಂಬವರು ೧೯೪೧ರಲ್ಲಿ ಸಾಗಣೆಯ ಲೆಕ್ಕವನ್ನು ಗಣಿತವಾಗಿ ನಿರೂಪಿಸಿದರು. ನಿಶ್ಚಿತ ಬಾಡಿಗೆ ಸೇರಿದೊಡನೆ ಅದು ಕಠಿನವಾಗುವುದು. ಏಕೆಂದರೆ ಪ್ರತಿಯೊಂದು ದಾರಿಯನ್ನೂ ಹಿಡಿಯಬೇಕೋ ಬಿಡಬೇಕೋ ಎಂದು ನಿರ್ಣಯಿಸಬೇಕು. ದಾರಿಗಳು ೨೦ ಆದರೆ ಇಂತಹ ಆಯ್ಕೆಗಳು ೧೦,೪೮,೫೭೬. ೧೯೬೧ರಲ್ಲಿ ಬಾಲಿನ್‌ಸ್ಕಿ ಎಂಬವರು ಸುಲಭವಾದ ಅಂದಾಜೊಂದನ್ನು ತೋರಿಸಿದರು: ಒಂದು ದಾರಿಯಲ್ಲಿ ಹೆಚ್ಚೆಂದರೆ ಎಷ್ಟು ಚೀಲ ಹೋಗಬಹುದೋ ಅಷ್ಟಕ್ಕೂ ಬಾಡಿಗೆಯನ್ನು ಹಂಚಿ ಚೀಲದ ದರಕ್ಕೆ ಸೇರಿಸುವುದು. ಎರಡನೆಯವನು ಪ್ರತ್ಯೇಕ ಲಾರಿ ತಂದರೆ ೨,೦೦೦ವು ೨೦ ಚೀಲಕ್ಕೆ ಹಂಚಿ ೧೦೦, ಹಮಾಲಿ ೨೦ ಸೇರಿ ಚೀಲಕ್ಕೆ ೧೨೦. ೪೫ರ ಮುಂದೆ ಇದು ಎಷ್ಟು ದುಬಾರಿಯೆಂಬುದು ಆಗ ಕಣ್ಣಿಗೆ ಕಾಣುವುದು. ದಾರಿಗಳು ಹೆಚ್ಚಿದಲ್ಲಿ ಇದು ಅಂದಾಜು ಮಾತ್ರ. ಬಂದ ಉತ್ತರವನ್ನು ನಿಜವಾದ ಬಾಡಿಗೆಯೊಡನೆ ಮತ್ತೆ ತಾಳೆ ನೋಡಬೇಕು.

ಉಳಿದ ಹಣವನ್ನು ಹಂಚುವಲ್ಲಿ ಸ್ನೇಹವು ಕೆಡಬಾರದು. ೧,೫೦೦ನ್ನು ಸಮವಾಗಿ ಹಂಚಿದರೆ ಮೊದಲನೆಯವನ ಪಾಲಿನ ವೆಚ್ಚ ೨,೦೫೦, ಎರಡನೆಯವನದು ೧,೬೫೦. ಈ ಮಾತನ್ನು ಲಾರಿ ಕರೆಯುವ ಮೊದಲೇ ಆಡಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದು ಲೇಸು.