ಭಾರತದ ಹಾಕಿಯಲ್ಲಿ ಕರ್ನಾಟಕದ ಪಾಲು: ಕೊಡಗಿನಿಂದ ದಾವಣಗೆರೆಯತ್ತ

ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ಹಾಕಿ ತಂಡ 1928ರ ಆಮ್‌ಸ್ಟರ್‌ಡ್ಯಾಂ ಕೂಟದಿಂದ 1980ರ ಮಾಸ್ಕೋ ಕೂಟದವರೆಗೆ ಗೆದ್ದ ಎಂಟು ಚಿನ್ನದ ಪದಕಗಳ ದಾಖಲೆಯನ್ನು ಬೇರಾವ ದೇಶವೂ ಈವರೆಗೆ ಸರಿಗಟ್ಟಿಲ್ಲ. ಇವುಗಳಲ್ಲಿ ಮೊದಲ ಆರು ಸತತವಾಗಿ ಬಂದವು. 1960ರಲ್ಲಿ ರೋಮ್‌ನಲ್ಲಿ ಪಾಕಿಸ್ತಾನ ಆ ಸರಣಿಯನ್ನು ಮುರಿಯಿತಾದರೂ 1964ರಲ್ಲಿ ಟೋಕಿಯೊದಲ್ಲಿ ಭಾರತ ಅದೇ ಎದುರಾಳಿಯನ್ನು 1-0 ಗೋಲಿನಿಂದ ಮಣಿಸಿ ಚಿನ್ನವನ್ನು ಮರಳಿ ಪಡೆಯಿತು. ಈ ದೀರ್ಘ ಚರಿತ್ರೆಯಲ್ಲಿ ಕರ್ನಾಟಕದ ಆಟಗಾರರು ಎದ್ದು ಕಾಣುವುದು 1970ರ ದಶಕದಿಂದೀಚೆಗೆ. ಆ ಹೆಸರುಗಳಲ್ಲಿ ಬಹುಪಾಲು ಕೊಡಗಿನವು, ಉಳಿದವು ಹೆಚ್ಚಾಗಿ ಬೆಂಗಳೂರಿನವು ಎಂಬುದನ್ನು ದಾವಣಗೆರೆ, ಹರಿಹರಗಳಂಥ ನಡುನಾಡಿನ ಊರುಗಳು ಗಂಭೀರವಾಗಿ ಗಮನಿಸಬೇಕಾಗಿದೆ.

1973ರಲ್ಲಿ ನೆದರ್‌ಲೆಂಡ್ಸ್‌ನ ಆಮ್‌ಸ್ಟೆಲ್ವೀನ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಭಾರತವನ್ನು ಮುನ್ನಡೆಸಿದವರು ಕೊಡಗಿನ ಎಂ.ಪಿ. ಗಣೇಶ್. ಫೈನಲ್‌ನಲ್ಲಿ ಎರಡು ಗೋಲುಗಳ ಮುನ್ನಡೆ ಪಡೆದಿದ್ದ ತಂಡವನ್ನು ಆತಿಥೇಯರು 2-2ರಲ್ಲಿ ಹಿಡಿದು ನಿಲ್ಲಿಸಿದರು. ಹೆಚ್ಚುವರಿ ಅವಧಿಯಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್, ಅಂದರೆ ಗೋಲ್‌ಕೀಪರ್ ಒಬ್ಬರೇ ಎದುರಿಗಿರುವಾಗ ನಿಗದಿತ ಗುರುತಿನಿಂದ ಚೆಂಡನ್ನು ತಳ್ಳುವ ಅವಕಾಶ ದೊರೆಯಿತು. ಅದನ್ನು ತೆಗೆದುಕೊಂಡ ಬಿ.ಪಿ. ಗೋವಿಂದ ಅವರೂ ಕೊಡಗಿನವರೇ. ಆ ಹೊಡೆತ ಗುರಿ ಮುಟ್ಟಲಿಲ್ಲ, ಕೊನೆಗೆ ಸ್ಟ್ರೋಕ್‌ಗಳ ಸರಣಿಯಲ್ಲಿ ಕಪ್ ಕೈತಪ್ಪಿತು. ಒಂದು ಹೊಡೆತದಿಂದ ಆಟಗಾರನನ್ನು ಅಳೆಯುವುದು ನ್ಯಾಯವಲ್ಲ. ಎರಡೇ ವರ್ಷಗಳ ನಂತರ, 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ತನ್ನ ಏಕೈಕ ವಿಶ್ವಕಪ್ ಗೆದ್ದಾಗ ಗೋವಿಂದ ಆ ತಂಡದಲ್ಲಿದ್ದರು, ಅವರೊಂದಿಗೆ ಪಿ.ಇ. ಕಾಳಯ್ಯ ಅವರೂ ಇದ್ದರು.

ಮರುವರ್ಷವೇ ಆಟದ ನೆಲ ಬದಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಆಸ್ಟ್ರೋಟರ್ಫ್, ಎಂದರೆ ಕೃತಕ ನೂಲಿನ ಹಾಸಿನ ಮೇಲೆ ಆಡಿಸಲಾಯಿತು. ಹುಲ್ಲಿನ ಅಂಗಳದಲ್ಲಿ ಚೆಂಡನ್ನು ಕೋಲಿಗೆ ಅಂಟಿಸಿಕೊಂಡಂತೆ ಸಾಗುವ ಕೈಚಳಕವೇ ಭಾರತೀಯರ ಬಲವಾಗಿತ್ತು. ಹೊಸ ಹಾಸಿನ ಮೇಲೆ ಚೆಂಡು ನೇರವಾಗಿ, ವೇಗವಾಗಿ ಉರುಳತೊಡಗಿದಾಗ ಓಟದ ಶಕ್ತಿಗೂ ಬಲವಾದ ಹೊಡೆತಕ್ಕೂ ಬೆಲೆ ಹೆಚ್ಚಿತು. ಭಾರತ ಅಲ್ಲಿ ಏಳನೆಯ ಸ್ಥಾನಕ್ಕಿಳಿದು, ಒಲಿಂಪಿಕ್ಸ್‌ನಿಂದ ಮೊದಲ ಬಾರಿಗೆ ಪದಕವಿಲ್ಲದೆ ಮರಳಿತು. ಹಲವು ಪ್ರಬಲ ತಂಡಗಳು ಬಹಿಷ್ಕರಿಸಿದ್ದ ಮಾಸ್ಕೋ ಕೂಟದ ಚಿನ್ನ ಈ ಇಳಿಜಾರನ್ನು ಕೆಲಕಾಲ ಮರೆಮಾಡಿತು. ಆ ಚಿನ್ನದ ತಂಡದಲ್ಲಿದ್ದ ಕೊಡಗಿನ ಎಂ.ಎಂ. ಸೋಮಯ್ಯ ಮುಂದೆ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಸ್ಟ್ರೋಕ್‌ಗಳನ್ನು ತಡೆದು, 32 ವರ್ಷಗಳ ನಂತರ ಆ ಕೂಟದ ಚಿನ್ನವನ್ನು ಭಾರತಕ್ಕೆ ದೊರಕಿಸಿದವರು ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್. ಆದರೂ ಕುಸಿತ ನಿಲ್ಲದೆ, 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತ ಅರ್ಹತೆಯನ್ನೇ ಪಡೆಯಲಿಲ್ಲ.

2016ರ ರಿಯೊ ಒಲಿಂಪಿಕ್ಸ್‌ನ 16 ಆಟಗಾರರಲ್ಲಿ ನಾಲ್ವರು ಕೊಡಗಿನವರಾಗಿದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಮತ್ತು ನಿಕ್ಕಿನ್ ತಿಮ್ಮಯ್ಯ. ಒಂದು ಪುಟ್ಟ ಜಿಲ್ಲೆಗೆ ಇದು ಅಸಾಧಾರಣ ಗೌರವ. ಆದರೆ ಮಾಸ್ಕೋ ಚಿನ್ನದ 41 ವರ್ಷಗಳ ಬಳಿಕ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ಪಡೆದ ತಂಡದಲ್ಲಾಗಲಿ, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ಪೇನ್ ವಿರುದ್ಧ ಗೆದ್ದು ಮತ್ತೆ ಕಂಚು ತಂದ ತಂಡದಲ್ಲಾಗಲಿ ಕರ್ನಾಟಕದ ಆಟಗಾರ ಒಬ್ಬನೂ ಇರಲಿಲ್ಲ. ರಾಷ್ಟ್ರೀಯ ತಂಡದ ಶಿಬಿರಗಳು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲೇ ನಡೆಯುತ್ತಿರುವಾಗ ಈ ಕೊರತೆ ಇನ್ನಷ್ಟು ನೋಯಿಸುತ್ತದೆ. ಒಂದೆರಡು ಸೆಲೆಗಳನ್ನೇ ನೆಚ್ಚಿಕೊಂಡ ರಾಜ್ಯಕ್ಕೆ, ಅವು ಬತ್ತಿದ ವರ್ಷ ಬೇರೆ ಆಸರೆ ಇರುವುದಿಲ್ಲ.

ಕೊಡಗಿನ ಯಶಸ್ಸಿಗೆ ಹವೆಯೋ ರಕ್ತಗುಣವೋ ಕಾರಣವೆಂಬ ಮಾತು ಸಾಲದು. ಸೇನೆಯ ನಂಟು ಅಲ್ಲಿ ಆಟವನ್ನು ಬೆಳೆಸಿತು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ ಅದನ್ನು ಪ್ರತಿ ಮನೆತನದ ಅಭಿಮಾನವನ್ನಾಗಿಸಿತು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಸೆಣಸಿದವು. ಊರು ಮನಸ್ಸು ಮಾಡಿದರೆ ಆಟ ಬೆಳೆಯುತ್ತದೆ ಎಂಬುದು ದಾವಣಗೆರೆಗೂ ಹೊಸತಲ್ಲ: ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯನ್ನು ಜನರೇ ಉಳಿಸಿಕೊಂಡು ಬಂದಿದ್ದಾರೆ, ಇಲ್ಲಿಯ ಆರ್. ವಿನಯ್ ಕುಮಾರ್ ಭಾರತಕ್ಕೆ ಕ್ರಿಕೆಟ್ ಆಡಿದ್ದಲ್ಲದೆ 2013–14 ಮತ್ತು 2014–15ರಲ್ಲಿ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕರೂ ಆದರು. ಗರಡಿಮನೆಗೂ ಕ್ರಿಕೆಟ್ಟಿಗೂ ದೊರೆತ ಈ ಆಸರೆ ಹಾಕಿಗೂ ದೊರೆಯಬೇಕು. ವಿದ್ಯಾಸಂಸ್ಥೆಗಳಿಂದ ತುಂಬಿದ ದಾವಣಗೆರೆಯೂ ಕಾರ್ಖಾನೆಗಳಿಂದ ಬೆಳೆದ ಹರಿಹರವೂ ಒಂದಕ್ಕೊಂದು ಸಮೀಪದಲ್ಲೇ ಇವೆ. ಎರಡೂ ಊರುಗಳ ಶಾಲೆಗಳು ಹನ್ನೆರಡರ ವಯಸ್ಸಿನ ಮಕ್ಕಳ ಕೈಗೆ ಕೋಲು ಕೊಟ್ಟು ವರ್ಷವಿಡೀ ಪರಸ್ಪರ ಆಡಿಸುವ ಒಂದು ಪಂದ್ಯಾವಳಿಯನ್ನು ಕಟ್ಟಲಿ, ಅದಕ್ಕೆ ಬೇಕಾದ ಅಂಗಳವನ್ನೂ ತರಬೇತುದಾರರನ್ನೂ ಜಿಲ್ಲಾಡಳಿತ ಒದಗಿಸಲಿ.